ಕಲ್ನಾರು ಪರಿಹಾರ ವಕೀಲರು (ಅಮೆರಿಕ)

ಕಲ್ನಾರಿನ (ಆಸ್ಬೆಸ್ಟಾಸ್) ಧೂಳಿನಿಂದ ರೋಗಕ್ಕೆ ತುತ್ತಾದವರ ಪರವಾಗಿ, ಅದನ್ನು ತಯಾರಿಸಿ ಮಾರಿದ ಕಂಪನಿಗಳ ಮೇಲೆ ದಾವೆ ಹೂಡುವ ನ್ಯಾಯವಾದಿಗಳು. ಅಮೆರಿಕದಲ್ಲಿ ಇದು ವಕೀಲಿ ವೃತ್ತಿಯ ಪ್ರತ್ಯೇಕ ಶಾಖೆಯಾಗಿ ಬೆಳೆದಿದೆ. ಹಡಗು ಕಟ್ಟುವ ಕಾರ್ಖಾನೆ, ತೈಲ ಶುದ್ಧೀಕರಣ ಘಟಕ ಮತ್ತು ಕಟ್ಟಡ ಕಾಮಗಾರಿಗಳಲ್ಲಿ ದುಡಿದವರಲ್ಲದೆ, ಅವರ ಬಟ್ಟೆಗೆ ಅಂಟಿಬಂದ ಧೂಳನ್ನು ಉಸಿರಾಡಿದ ಮನೆಯವರೂ ಇವರ ಕಕ್ಷಿದಾರರು.

ಈ ಶಾಖೆಗೆ ತಳಹದಿ ಹಾಕಿದ್ದು ಬೋರೆಲ್ ವಿರುದ್ಧ ಫೈಬರ್‌ಬೋರ್ಡ್ ಪ್ರಕರಣ. ಟೆಕ್ಸಾಸ್‌ನ ಉಷ್ಣನಿರೋಧಕ ಕೆಲಸಗಾರನೊಬ್ಬನಿಗಾಗಿ ವಕೀಲ ವಾರ್ಡ್ ಸ್ಟೀಫನ್‌ಸನ್ ನಡೆಸಿದ ಈ ದಾವೆಯಲ್ಲಿ, ಅಪಾಯದ ಎಚ್ಚರಿಕೆ ನೀಡದ ತಯಾರಕರೇ ಹೊಣೆಗಾರರೆಂದು ಫೆಡರಲ್ ಮೇಲ್ಮನವಿ ನ್ಯಾಯಾಲಯ 1973ರಲ್ಲಿ ತೀರ್ಪಿತ್ತಿತು. ತಯಾರಕರಿಗೆ 1930ರ ದಶಕದಲ್ಲೇ ಅಪಾಯದ ಅರಿವಿತ್ತೆಂದು ತೋರಿಸುವ ಕಲ್ನಾರು ಕಂಪನಿಯೊಂದರ ಅಧ್ಯಕ್ಷ ಸಮ್ನರ್ ಸಿಂಪ್ಸನ್‌ನ ಪತ್ರಗಳು 1977ರಲ್ಲಿ ಬೆಳಕಿಗೆ ಬಂದು ವಾದಿಗಳ ಪಕ್ಷವನ್ನು ಬಲಪಡಿಸಿದವು.

ಕಲ್ನಾರಿನಿಂದ ಬರುವ ಮೆಸೊಥೆಲಿಯೋಮಾ ಎಂಬ ಕ್ಯಾನ್ಸರ್ ಸಾಮಾನ್ಯವಾಗಿ ಧೂಳು ಉಸಿರಾಡಿದ 20ರಿಂದ 50 ವರ್ಷಗಳ ಬಳಿಕ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಹಳೆಯ ನೌಕರಿ ದಾಖಲೆ, ಜೊತೆಗಾರರ ಸಾಕ್ಷ್ಯ ಹಾಗೂ ವೈದ್ಯಕೀಯ ವರದಿಗಳನ್ನು ಕೂಡಿಸಿ, ಯಾವ ಕಂಪನಿಯ ಸರಕು ಎಲ್ಲಿ ಬಳಕೆಯಾಗಿತ್ತೆಂದು ಸಾಬೀತುಪಡಿಸುವುದೇ ವಕೀಲರ ಮುಖ್ಯ ಕೆಲಸ. ದಾವೆಯ ಕಾಲಮಿತಿಯನ್ನು ಸಾಮಾನ್ಯವಾಗಿ ರೋಗ ಪತ್ತೆಯಾದಂದಿನಿಂದ ಎಣಿಸಲಾಗುತ್ತದೆ. ಮುಂಗಡ ಶುಲ್ಕವಿಲ್ಲದೆ, ಗೆದ್ದರೆ ಮಾತ್ರ ಪರಿಹಾರದಲ್ಲಿ ಸುಮಾರು ಮೂರನೇ ಒಂದು ಪಾಲು ಪಡೆಯುವುದು ರೂಢಿ.

ದಾವೆಗಳ ಹೊರೆ ತಾಳದೆ ಜಾನ್ಸ್-ಮ್ಯಾನ್‌ವಿಲ್ ಕಂಪನಿ 1982ರಲ್ಲಿ ದಿವಾಳಿ ರಕ್ಷಣೆ ಕೋರಿತು. ಅದರ ಪುನರ್ರಚನೆಯಲ್ಲಿ ಹುಟ್ಟಿದ ಪರಿಹಾರ ನಿಧಿಯ ಮಾದರಿಗೆ 1994ರಲ್ಲಿ ದಿವಾಳಿ ಸಂಹಿತೆಯ 524(ಜಿ) ಕಲಂ ಶಾಸನದ ಮನ್ನಣೆ ಕೊಟ್ಟಿತು. ಅಂದಿನಿಂದ ವಕೀಲರು ನ್ಯಾಯಾಲಯಗಳಲ್ಲಷ್ಟೇ ಅಲ್ಲದೆ ಇಂಥ ನಿಧಿಗಳಲ್ಲೂ ಅರ್ಜಿ ಸಲ್ಲಿಸುತ್ತಾರೆ. ರ‍್ಯಾಂಡ್ ಸಂಸ್ಥೆಯ ಅಧ್ಯಯನದಂತೆ 2002ರ ವೇಳೆಗೆ ಸುಮಾರು 7,30,000 ಮಂದಿ ಪರಿಹಾರ ಕೋರಿದ್ದರು.