ಅಂಚಿಲ್ಲದ ತೂತು: ಹೃತ್ಕರ್ಣದ ಡಿವೈಸ್ ಚಿಕಿತ್ಸೆಯ ಒಂದು ನಿಯಮದ ಮರುವಿಚಾರ

ಹೃದಯದ ಮೇಲಿನ ಎರಡು ಕೋಣೆಗಳ ನಡುವಿನ ತೂತನ್ನು ಎದೆ ಸೀಳದೆ, ಕ್ಯಾಥೆಟರ್ ಮೂಲಕವೇ ಮುಚ್ಚಬಹುದೆಂದು ಕಿಂಗ್ ಮತ್ತು ಮಿಲ್ಸ್ 1970ರ ದಶಕದಲ್ಲೇ ತೋರಿಸಿದರು. 2002ರಲ್ಲಿ ಡು ಮತ್ತು ಸಂಗಡಿಗರು ಮಾಡಿದ ಹೋಲಿಕೆಯಲ್ಲಿ ಡಿವೈಸ್ ಹಾಕಿಸಿಕೊಂಡವರು ಸರಾಸರಿ 1 ದಿನ, ಆಪರೇಷನ್ ಆದವರು 3.4 ದಿನ ಆಸ್ಪತ್ರೆಯಲ್ಲಿದ್ದರು. ಪರದೆಯ ನಡುಭಾಗದ ಸೆಕೆಂಡಮ್ ತೂತಿನ ಮಟ್ಟಿಗೆ ಇದರಲ್ಲಿ ತಕರಾರಿಲ್ಲ.

ತಕರಾರಿರುವುದು ಅಂಚಿನ ಬಗ್ಗೆ. ಮಹಾಪಧಮನಿಯ ಕಡೆಗೆ 5 ಮಿ.ಮೀ. ಅಂಚೂ ಇಲ್ಲದಿದ್ದರೆ ಡಿವೈಸಿನ ನಿಟಿನಾಲ್ ತಂತಿಯ ಬಿಲ್ಲೆ ಆ ನಾಳದ ಬುಡಕ್ಕೇ ಒತ್ತಿಕೊಂಡು ಕೂರುತ್ತದೆ. ಉಜ್ಜಿ ಉಜ್ಜಿ ಗೋಡೆ ಸವೆದರೆ ಜೀವಕ್ಕೇ ಅಪಾಯ. 2004ರಲ್ಲಿ ಅಮೀನ್ ಮತ್ತು ಸಂಗಡಿಗರು ಇಂಥ ಸವೆತದ 28 ಪ್ರಕರಣಗಳನ್ನು ಪರಿಶೀಲಿಸಿದಾಗ 89% ರೋಗಿಗಳಲ್ಲಿ ಈ ಅಂಚಿನ ಕೊರತೆಯಿತ್ತು. ಹಾಗಾದರೆ ಅಂಚಿಲ್ಲದವರಿಗೆಲ್ಲ ಆಪರೇಷನ್ನೇ ಗತಿಯೆ?

ಹಾಗೆನ್ನಲು ನನಗೆ ಮನಸ್ಸೊಪ್ಪುವುದಿಲ್ಲ. ಪೊಡ್ನಾರ್ ತಂಡ 2001ರಲ್ಲಿ ಪರೀಕ್ಷಿಸಿದ 190 ರೋಗಿಗಳಲ್ಲಿ 42.1% ಮಂದಿಗೆ ಈ ಕಡೆಯ ಅಂಚೇ ಕಡಿಮೆಯಿತ್ತು. ಸವೆತವಾದರೋ, ಅಮೀನ್ ಅವರ ಅಂದಾಜಿನಲ್ಲೇ ಅಮೆರಿಕದಲ್ಲಿ ಸಾವಿರಕ್ಕೆ ಒಂದು. ಇಷ್ಟು ಮಂದಿಗೆ ಅಂಚಿಲ್ಲದಿದ್ದರೂ ಸವೆತ ಇಷ್ಟು ವಿರಳವಾಗಿದ್ದರೆ, ಅಂಚಿನ ಕೊರತೆಯೊಂದೇ ಕಾರಣವಾಗಲಾರದು. ಅಳತೆ ಮೀರಿದ ಡಿವೈಸ್ ಅದರ ಜೊತೆಗಾರ. ಅಮೀನ್ ಅವರ ಸಾಮಗ್ರಿಯೂ ಅತ್ತಲೇ ಕೈ ತೋರಿಸುತ್ತದೆ. ಹಾಗಾಗಿ ತೂತಿನ ಅಳತೆಗೆಂದು ಅದರೊಳಗೆ ಬಲೂನು ಹಿಗ್ಗಿಸುವಾಗ ಎಕೋ ತೆರೆಯ ಮೇಲೆ ಬಣ್ಣದ ಹರಿವು ನಿಂತ ಕ್ಷಣಕ್ಕೇ ಕೈ ತಡೆದು, ಬಲೂನಿನ ನಡುವಿನ ಸೊಂಟವನ್ನು ಅಳೆಯಬೇಕು. ಇನ್ನಷ್ಟು ಉಬ್ಬಿಸಿದರೆ ತೂತೇ ಹಿಗ್ಗಿ, ಬೇಕಾದ್ದಕ್ಕಿಂತ ದೊಡ್ಡ ಬಿಲ್ಲೆ ಒಳಗೆ ಕೂರುತ್ತದೆ. ಆದರೂ ಎರಡು ಅಧ್ಯಯನಗಳ ರೋಗಿಗಳು ಬೇರೆ ಬೇರೆ, ವರದಿಯಾಗದ ಸವೆತವೂ ಇದ್ದೀತು. ಹಾಗಾಗಿ ಇದನ್ನು ನಿರ್ಣಯವೆನ್ನದೆ ಬಲವಾದ ಊಹೆಯೆಂದಷ್ಟೇ ಮುಂದಿಡುತ್ತೇನೆ.

ಕೊಪ್ಪಳ ತಾಲ್ಲೂಕಿನ ಅಳವಂಡಿಯಂಥ ಊರಿನಲ್ಲಿ ‘ಎದ್ಯಾಗ ತೂತು ಐತಿ’ ಎಂಬ ಮಾತು ಬಂದರೆ ಬಹುಪಾಲು ದೂರದ ಆಸ್ಪತ್ರೆಯ ದಾರಿ ಹಿಡಿಯಬೇಕು. ಕೊಪ್ಪಳವನ್ನೊಳಗೊಂಡ ಅಂದಿನ ಗುಲ್ಬರ್ಗಾ ವಿಭಾಗದಲ್ಲೇ 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಆರಂಭವಾದ ಮೇಲೆ ಬಡವರ ಹೃದಯ ಚಿಕಿತ್ಸೆಗೆ ಹಣದ ದಾರಿಯಾಯಿತು. ಡಿವೈಸ್ ಹಾಕಿಸಿ ಊರಿಗೆ ಮರಳಿದ ಮೇಲಿನ ಎಕೋ ಪರೀಕ್ಷೆಯೇ ನನ್ನ ಚಿಂತೆ. ಸವೆತ ಬಹುಮಟ್ಟಿಗೆ ಮೊದಲ ದಿನಗಳಲ್ಲಿ ಕಾಣಿಸಿದರೂ ವರ್ಷಗಳ ನಂತರವೂ ಬಂದದ್ದುಂಟು. ಅಂಥ ಊರಿನ, ಅಂಚಿಲ್ಲದ ಹುಡುಗಿಗೆ ಡಿವೈಸ್ ಹಾಕುವಾಗ ಆಸ್ಪತ್ರೆಯ ದೂರವನ್ನೂ ಮಿಲಿಮೀಟರಿನ ಜೊತೆಗೇ ಲೆಕ್ಕಕ್ಕೆ ಹಿಡಿಯಬೇಕೇ, ಹಿಡಿದರೆ ಎಷ್ಟು ತೂಕ ಕೊಡಬೇಕು ಎಂಬುದನ್ನು ಈ ಬರಹ ಬಗೆಹರಿಸಿಲ್ಲ.