ಅಚ್ಚು ಮತ್ತು ಕಡೆಗೀಲು

ಬನದ ಹುಣ್ಣಿಮೆಗೆ ಚೊಳಚಗುಡ್ಡಕ್ಕೆ ಹೋದವರು ಬನಶಂಕರಿಯ ತೇರು ನೋಡುತ್ತಾರೆ, ನಾಟಕ ನೋಡುತ್ತಾರೆ. ಚಕ್ಕಡಿಯ ಅಡಿಗೆ ಬಗ್ಗಿ ನೋಡುವವರು ವಿರಳ. ನಾನೊಮ್ಮೆ ನೋಡಿದೆ. ಮುದುಕನೊಬ್ಬ ಚಕ್ಕಡಿಗೆ ಆನಿಕೆ ಕೊಟ್ಟು, ಅಚ್ಚಿನ ತುದಿಯ ಕೀಲನ್ನು ಬಡಿದು ತೆಗೆದ. ಗಾಲಿ ಜಾರಿ ಬಂತು. ಕಟ್ಟು ಬಿಚ್ಚಿ ಅಚ್ಚನ್ನೂ ಹೊರಗೆಳೆದ. ಕೈಯೆಲ್ಲ ಕೀಲೆಣ್ಣೆ.

ಆ ಬೆರಳುದ್ದದ ಕೀಲೇ ದೇವರ ದಾಸಿಮಯ್ಯನ ಕಡೆಗೀಲು. ಬಸವಣ್ಣನಿಗಿಂತ ಹಿರಿಯನಾದ ಈ ವಚನಕಾರ ದರ್ಪವೇರಿದ ಒಡಲನ್ನು ಬಂಡಿಯೆಂದ, ಶರಣರ ನುಡಿಯನ್ನು ಕಡೆಗೀಲೆಂದ. ಆ ವಚನವನ್ನು ವರ್ಷವರ್ಷವೂ ಪಾಠ ಹೇಳಿ, 'ಕಡೆಗೀಲು ಎಂದರೆ ಆಧಾರ' ಎಂದು ಬರೆಸಿ ಮುಂದೆ ಹೋದವನು ನಾನು. ಆದರೆ ಕೀಲು ಭಾರ ಹೊರುವುದಿಲ್ಲ. ಭಾರ ಹೊರುವುದು ಅಚ್ಚು. ಓಡುವ ಗಾಲಿ ಕಳಚಿ ಹೋಗದಂತೆ ತಡೆಯುವುದಷ್ಟೆ ಕೀಲಿನ ಕೆಲಸ. ಎಷ್ಟು ವಿದ್ಯಾರ್ಥಿಗಳಿಗೆ ತಪ್ಪು ಹೇಳಿದೆನೋ!

ಅಚ್ಚು ಸಂಸ್ಕೃತ 'ಅಕ್ಷ'ದ ತದ್ಭವ. ಇಂಗ್ಲಿಷಿನ ಆಕ್ಸಲ್ ಅದರ ದೂರದ ದಾಯಾದಿ. ಚಕ್ಕಡಿಯ ಅಚ್ಚು ತಿರುಗದು, ಗಾಲಿ ಅದರ ಮೇಲೆ ತಿರುಗುತ್ತದೆ. ಮೋಟಾರಿನಲ್ಲಿ ಎಂಜಿನ್ನಿನ ಬಲವನ್ನು ಗಾಲಿಗೆ ಮುಟ್ಟಿಸಬೇಕಾದ್ದರಿಂದ ಶಾಫ್ಟೇ ತಿರುಗಬೇಕು. 2014ರವರೆಗೆ ತಯಾರಾದ ಅಂಬಾಸಿಡರಿನಲ್ಲಿ ಅದು ಹೊಟ್ಟೆಯಡಿ ಹಾದು ಹಿಂದಿನ ಗಾಲಿಗಳತ್ತ ಹೋಗುತ್ತಿತ್ತು. 1983ರಲ್ಲಿ ಬಂದ ಮಾರುತಿ 800ರಲ್ಲಿ ಮುಂದಿನ ಗಾಲಿಗಳಿಗೆ ಒಂದೊಂದಾಯಿತು.

ಬಾದಾಮಿಯ ಗ್ಯಾರೇಜೊಂದರಲ್ಲಿ ಹಳೆಯ ಕಾರಿನ ಶಾಫ್ಟ್ ಬಿಚ್ಚುವುದನ್ನೂ ನಿಂತು ನೋಡಿದೆ. ಜ್ಯಾಕ್ ಕೊಟ್ಟರು, ಗಾಲಿ ತೆಗೆದರು. ಶಾಫ್ಟಿನ ತುದಿಯಲ್ಲಿ ದೊಡ್ಡ ನಟ್ಟು. ಅದು ಸಡಿಲದಂತೆ ಅಡ್ಡ ಚುಚ್ಚಿದ್ದ ಸಣ್ಣದೊಂದನ್ನು ಹುಡುಗ ಇಕ್ಕಳದಿಂದೆಳೆದು ನನ್ನ ಅಂಗೈಗಿಟ್ಟ.

"ಇದಕ್ಕೇನಂತಾರಪ್ಪಾ?"

"ಪಿನ್ ರೀ ಸರ. ಕಳೀಬ್ಯಾಡ್ರಿ."