ಮೈಸೂರು ಸೀಮೆಯ ಸಸ್ಯನಕ್ಷೆಗಳು

ಸಸ್ಯನಕ್ಷೆಗಳೆಂದರೆ ಯಾವ ನೆಲದಲ್ಲಿ ಯಾವ ಗಿಡಮರಗಳಿವೆ ಎಂಬುದನ್ನು ಕಾಲ್ನಡಿಗೆಯ ಸಮೀಕ್ಷೆಯಿಂದಲೂ ಉಪಗ್ರಹ ಚಿತ್ರಗಳಿಂದಲೂ ಗುರುತಿಸಿ ತಯಾರಿಸಿದ ನಕ್ಷೆಗಳು. ಹಳೆ ಮೈಸೂರು ಸೀಮೆಯಲ್ಲಿ ಈ ಕೆಲಸ ಮೊದಲಾದದ್ದು ಬರಿಯ ಬರವಣಿಗೆಯಾಗಿ. ಶ್ರೀರಂಗಪಟ್ಟಣ ಬ್ರಿಟಿಷರ ಕೈಗೆ ಬಿದ್ದ ಮರುವರ್ಷ, 1800ರಲ್ಲಿ, ಪ್ರವಾಸ ಹೊರಟ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಊರೂರಿನ ಬೆಳೆ, ಮರ, ಮಣ್ಣುಗಳನ್ನು ವಿಚಾರಿಸಿ ಬರೆದಿಟ್ಟ. ಪುಸ್ತಕ 1807ರಲ್ಲಿ ಅಚ್ಚಾಯಿತು. ಆರ್.ಆರ್. ರಾವ್ ಮತ್ತು ಬಿ.ಎ. ರಝಿ ಅವರ ಮೈಸೂರು ಜಿಲ್ಲೆಯ ಸಸ್ಯಗ್ರಂಥ ಬಂದದ್ದು 1981ರಲ್ಲಿ. ಮರುವರ್ಷವೇ ಪುದುಚೇರಿಯ ಫ್ರೆಂಚ್ ಸಂಸ್ಥೆಯ ಜೆ.ಪಿ. ಪಾಸ್ಕಲ್ ಅವರ ಮಡಿಕೇರಿ–ಮೈಸೂರು ಅರಣ್ಯನಕ್ಷೆ ಹೊರಬಂತು. ಅದರ ಒಂದು ಸೆಂಟಿಮೀಟರಿನಲ್ಲಿ ಎರಡೂವರೆ ಕಿಲೋಮೀಟರ್ ನೆಲ ಅಡಕವಾಗಿತ್ತು.

ಉಪಗ್ರಹ ಚಿತ್ರಗಳನ್ನು ಬಳಸುವ ರಾಜ್ಯ ದೂರಸಂವೇದಿ ಕೇಂದ್ರ 1986ರಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು. 1988ರ ಮಾರ್ಚ್ 17ರಂದು ಭಾರತದ ಉಪಗ್ರಹ ಐಆರ್‌ಎಸ್-1ಎ ಕಕ್ಷೆ ಸೇರಿದ ಮೇಲೆ ಚಿತ್ರಗಳಿಗಾಗಿ ಪರದೇಶದ ಉಪಗ್ರಹಗಳನ್ನೇ ನೆಚ್ಚಿ ಕೂರುವುದು ತಪ್ಪಿತು. ಹಸಿರೆಲೆ ಕೆಂಪು ಬೆಳಕನ್ನು ಹೀರಿ, ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಹಿಂದಕ್ಕೆ ಚೆಲ್ಲುತ್ತದೆ. ಸಸ್ಯವನ್ನು ಉಪಗ್ರಹ ಗುರುತಿಸುವುದು ಇದರಿಂದ. ಬೇಸಿಗೆಯಲ್ಲಿ ಎಲೆ ಉದುರಿಸುವ ಕಾಡೂ ನಿತ್ಯಹಸಿರಿನ ಕಾಡೂ ಆಗ ಬೇರೆಬೇರೆಯಾಗಿ ತೋರುತ್ತವೆ. ಮಳೆಗಾಲದಲ್ಲಿ ಮೋಡ ಅಡ್ಡ.  

ಆಕಾಶದಿಂದ ಕಾಣದ್ದು ಎಷ್ಟೆಂಬುದಕ್ಕೆ ಬಿಳಿಗಿರಿರಂಗನ ಬೆಟ್ಟ ಸಾಕ್ಷಿ. ಮರಗಳ ನೆರಳಲ್ಲಿ ಹಬ್ಬುವ ಲಂಟಾನ ಎಂಬ ಕಳೆಪೊದೆಯನ್ನು ಮೇಲಿನ ಚಿತ್ರ ಸುಲಭವಾಗಿ ಹಿಡಿಯಲಾರದು. ಕಾಡಿನೊಳಗೆ ಅವವೇ ಜಾಗಗಳನ್ನು 1997ರಲ್ಲೂ 2008ರಲ್ಲೂ ನೋಡಿದಾಗ, ಲಂಟಾನವಿದ್ದ ಜಾಗಗಳು ಹೆಚ್ಚುಕಡಿಮೆ ಇಮ್ಮಡಿಯಾಗಿದ್ದವು. ಈ ಬೆಟ್ಟದ ಆದಿವಾಸಿಗಳಾದ ಸೋಲಿಗರು ಇದನ್ನು ಮೊದಲೇ ಬಲ್ಲವರು. ಅವರನ್ನು ಕೇಳದೆ ಮಾಡಿದ ನಕ್ಷೆ ಅರೆಬರೆಯೇ.

ಮೈಸೂರು ಜಿಲ್ಲೆಯ ಬನ್ನೂರಿನ ಸುತ್ತ ಸಮಸ್ಯೆ ಬೇರೆ. ಭತ್ತ, ಕಬ್ಬಿನ ಈ ಬಯಲು ದೊಡ್ಡ ನಕ್ಷೆಗಳಲ್ಲಿ ಕೃಷಿಭೂಮಿಯ ಒಂದೇ ಬಣ್ಣಕ್ಕೆ ಸೇರಿಹೋಗುತ್ತದೆ. ದೇಶವ್ಯಾಪಿ ಸಸ್ಯನಕ್ಷೆಗೆ ಬಳಸಿದ ಚಿತ್ರಗಳಲ್ಲಿ ಒಂದು ಚುಕ್ಕೆ 23.5 ಮೀಟರ್ ಅಗಲ. ಕಾವೇರಿ ದಂಡೆಯ ಒಂಟಿ ಮರಸಾಲು ಪಕ್ಕದ ಗದ್ದೆಯೊಡನೆ ಬೆರೆತುಬಿಡುತ್ತದೆ. 2015ರಿಂದ ಸಿಗುತ್ತಿರುವ ಸೆಂಟಿನೆಲ್-2ರ 10 ಮೀಟರ್ ಚಿತ್ರಗಳಲ್ಲಿ ಸಾಲು ಕಾಣಬಹುದು. ಅದು ಹೊಳೆಮತ್ತಿಯೋ ಹೊಂಗೆಯೋ ಎಂದು ತಿಳಿಯಲು ಈಗಲೂ ದಂಡೆಗೇ ಹೋಗಬೇಕು.